ಸಕ್ಕರೆರಹಿತ ಚೂಯಿಂಗ್ ಗಮ್: ಪೊಟ್ಟಣದ ಹಿಂಬದಿಯ ಲೆಕ್ಕ

ಮಿಠಾಯಿ ಹಾಗೂ ಪೊಟ್ಟಣ ಆಹಾರದ ವ್ಯಾಪಾರದಲ್ಲಿ ತೊಡಗಿರುವ ಸದಸ್ಯ ಬಂಧುಗಳು ಲೆಕ್ಕಪತ್ರಗಳ ಸಂದರ್ಭದಲ್ಲಿ ಆಗಾಗ ಕೇಳುವ ಪ್ರಶ್ನೆಯೊಂದಿದೆ. ಚೂಯಿಂಗ್ ಗಮ್ ಪೊಟ್ಟಣದ ಮುಂಬದಿಯಲ್ಲಿ ‘ಸಕ್ಕರೆರಹಿತ’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಹಿಂಬದಿಯ ಪೋಷಕಾಂಶ ಪಟ್ಟಿಯಲ್ಲಿ ಕಾರ್ಬೋಹೈಡ್ರೇಟ್ ಪ್ರಮಾಣವು ಒಟ್ಟು ತೂಕದ ಅರ್ಧಕ್ಕಿಂತಲೂ ಹೆಚ್ಚಾಗಿರುತ್ತದೆ. ಹಾಗಾದರೆ ಇದು ಗ್ರಾಹಕರಿಗೆ ಹೇಳುವ ಸುಳ್ಳಲ್ಲವೇ?

ಸುಳ್ಳಲ್ಲ. ‘ಸಕ್ಕರೆರಹಿತ’ ಎಂಬುದು ಆಡುಮಾತಿನ ಪದವಲ್ಲ, ಕಾನೂನಿನ ಪರಿಭಾಷೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಜಾಹೀರಾತು ಮತ್ತು ಪ್ರತಿಪಾದನೆಗಳ ಬಗ್ಗೆ 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ, 100 ಗ್ರಾಂ ಅಥವಾ 100 ಮಿಲಿಲೀಟರ್ ಆಹಾರದಲ್ಲಿ ಸಕ್ಕರೆಯ ಅಂಶವು 0.5 ಗ್ರಾಂ ಮೀರದಿದ್ದರೆ ಮಾತ್ರ ಈ ಪದವನ್ನು ಬಳಸಬಹುದು. ಇಲ್ಲಿ ಸಕ್ಕರೆ ಎಂದರೆ ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್, ಲ್ಯಾಕ್ಟೋಸ್ ಮೊದಲಾದ ಸರಳ ಶರ್ಕರಗಳು. ಗಮ್ಮಿನಲ್ಲಿ ಅವುಗಳ ಸ್ಥಾನವನ್ನು ತುಂಬಿರುವ ಪಾಲಿಯಾಲ್‌ಗಳು ರಸಾಯನಶಾಸ್ತ್ರದ ದೃಷ್ಟಿಯಿಂದ ಕಾರ್ಬೋಹೈಡ್ರೇಟ್ ವರ್ಗಕ್ಕೆ ಸೇರಿದರೂ ಈ ವ್ಯಾಖ್ಯೆಯ ಹೊರಗುಳಿಯುತ್ತವೆ. ಆದುದರಿಂದ ಮುಂಬದಿಯ ಪದವೂ ಹಿಂಬದಿಯ ಅಂಕಿಯೂ ಏಕಕಾಲದಲ್ಲಿ ಸತ್ಯವಾಗಿರಲು ಸಾಧ್ಯ. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಇನ್ನೊಂದೇ ಪ್ರತಿಪಾದನೆ, ಅದರ ಷರತ್ತುಗಳೂ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿ ಕರಪತ್ರ ಅಚ್ಚು ಹಾಕಿಸುವ ವಿತರಕರಿದ್ದಾರೆ. ಅಪಾಯ ಆರಂಭವಾಗುವುದೇ ಅಲ್ಲಿ.

ಘಟಕಾಂಶಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯತಕ್ಕದ್ದೆಂಬುದು ನಿಯಮ. ಮೊದಲ ಹೆಸರು ಅತಿ ಹೆಚ್ಚು ತೂಕದ್ದು, ಕೊನೆಯದು ಅತ್ಯಲ್ಪ. ಆಸ್ತಿ-ಹೊಣೆ ಪಟ್ಟಿಯನ್ನು ಓದಬಲ್ಲ ವರ್ತಕರಿಗೆ ಈ ಪಟ್ಟಿಯನ್ನು ಓದುವುದು ಕಷ್ಟವೇನಲ್ಲ.

ಗಮ್ ಬೇಸ್ ಎಂಬ ಒಂದೇ ಪದ

ಅಗಿದರೂ ಕರಗದೆ ಬಾಯಲ್ಲಿ ಉಳಿಯುವ ಭಾಗವೇ ಗಮ್ ಬೇಸ್. ಇದು ಸಾಮಾನ್ಯವಾಗಿ ಗಮ್ಮಿನ ತೂಕದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರುತ್ತದೆ. ಹಿಂದೆ ಇದು ಮಧ್ಯ ಅಮೆರಿಕದ ಕಾಡುಗಳಲ್ಲಿ ಸಪೋಟಾ ಮರದ ಹಾಲಿನಿಂದ ಬರುತ್ತಿದ್ದ ‘ಚಿಕ್ಲೆ’ ಎಂಬ ಅಂಟು. ನಾವು ಚಿಕ್ಕು ಎಂದು ಕರೆದು ತಿನ್ನುವ ಹಣ್ಣಿನ ಹೆಸರೂ ಇದೇ ಮೂಲದ್ದು. ಇಂದಿನ ಬೇಸ್ ಬಹುಪಾಲು ಕೃತಕ. ಪಾಲಿಐಸೋಬ್ಯುಟಿಲೀನ್, ಬ್ಯುಟೈಲ್ ರಬ್ಬರ್, ಪಾಲಿವಿನೈಲ್ ಅಸಿಟೇಟ್ ಎಂಬ ಪಾಲಿಮರುಗಳು, ಪೈನ್ ಮರದ ರಾಳದಿಂದ ತಯಾರಿಸಿದ ಎಸ್ಟರ್ ಗಮ್, ಮೇಣಗಳು ಮತ್ತು ಭರ್ತಿಗಾಗಿ ಕ್ಯಾಲ್ಸಿಯಂ ಕಾರ್ಬೋನೇಟ್ ಅಥವಾ ಟಾಲ್ಕ್ ಇದರಲ್ಲಿರುತ್ತವೆ. ಹಣ್ಣಿನ ರುಚಿಯ ಹುಳಿ ಗಮ್ಮಿಗೆ ಟಾಲ್ಕ್ ಬಳಸುತ್ತಾರೆ. ಏಕೆಂದರೆ ಆಮ್ಲವು ಕ್ಯಾಲ್ಸಿಯಂ ಕಾರ್ಬೋನೇಟಿನೊಡನೆ ವರ್ತಿಸಿ ಹುಳಿಯನ್ನೇ ಕಳೆದುಬಿಡುತ್ತದೆ. ಇಷ್ಟೊಂದು ವಸ್ತುಗಳಿದ್ದರೂ ಲೇಬಲ್ಲಿನಲ್ಲಿ ಕಾಣುವುದು ‘ಗಮ್ ಬೇಸ್’ ಎಂಬ ಒಂದೇ ಪದ. ಲೆಕ್ಕಪತ್ರದಲ್ಲಿ ‘ಇತರೆ ಖರ್ಚುಗಳು’ ಎಂಬ ಶೀರ್ಷಿಕೆಯನ್ನು ಕಂಡಾಗ ನಮ್ಮ ವೃತ್ತಿಯವರಿಗೆ ಏನನ್ನಿಸುವುದೋ ಇಲ್ಲಿಯೂ ಹಾಗೆಯೇ ಅನ್ನಿಸುತ್ತದೆ. ತಯಾರಕರಿಂದ ಬೇಸ್‌ನ ವಿವರಪತ್ರವನ್ನು ಕೇಳಿ ಪಡೆಯುವುದು ಸ್ವಂತ ಹೆಸರಿನಲ್ಲಿ ಗಮ್ ಮಾರುವ ಸಂಸ್ಥೆಗಳಿಗೆ ಅವಶ್ಯ.

ಪಾಲಿಯಾಲ್‌ಗಳು

ಸಕ್ಕರೆ ಹಾಕಿದ ಗಮ್ಮಿನಲ್ಲಿ ಸಕ್ಕರೆಯು ಸಿಹಿಯನ್ನಷ್ಟೇ ಅಲ್ಲ, ಗಾತ್ರವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಅದನ್ನು ತೆಗೆದರೆ ಅರ್ಧಕ್ಕಿಂತ ಹೆಚ್ಚು ತೂಕದ ಜಾಗ ಖಾಲಿಯಾಗುತ್ತದೆ. ಆ ಜಾಗವನ್ನು ಪ್ರಧಾನವಾಗಿ ತುಂಬುವುದು ಸಾರ್ಬಿಟಾಲ್, ಅಂದರೆ ಐಎನ್‌ಎಸ್ 420. ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್ ತಯಾರಿಸಿ, ಆ ಗ್ಲೂಕೋಸಿಗೆ ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿದರೆ ಸಾರ್ಬಿಟಾಲ್ ದೊರೆಯುತ್ತದೆ. ದಾವಣಗೆರೆ, ಹಾವೇರಿ ಸೀಮೆಯ ಬೆಳೆಗೂ ಈ ಪುಟ್ಟ ಗುಳಿಗೆಗೂ ಹೀಗೊಂದು ದೂರದ ನಂಟಿದೆ. ಸಾರ್ಬಿಟಾಲಿನ ಸಿಹಿ ಸಕ್ಕರೆಯ ಸುಮಾರು ಶೇಕಡಾ 60ರಷ್ಟು. ಬೆಲೆ ಕಡಿಮೆಯಾದುದರಿಂದ ಪಟ್ಟಿಯ ಮೊದಲ ಸ್ಥಾನ ಬಹುಮಟ್ಟಿಗೆ ಇದರದೇ.

ಕ್ಸೈಲಿಟಾಲ್, ಐಎನ್‌ಎಸ್ 967, ದುಬಾರಿ ವಸ್ತು. ಬರ್ಚ್ ಮರದಿಂದ, ಮೆಕ್ಕೆಜೋಳದ ದಿಂಡಿನಿಂದ ತೆಗೆಯುತ್ತಾರೆ. ಸಿಹಿಯಲ್ಲಿ ಸಕ್ಕರೆಗೆ ಸಮ. ಕರಗುವಾಗ ಶಾಖವನ್ನು ಹೀರುವುದರಿಂದ ನಾಲಿಗೆಗೆ ತಂಪೆನಿಸುತ್ತದೆ. ಫಿನ್‌ಲೆಂಡಿನ ತುರ್ಕು ನಗರದಲ್ಲಿ 1970ರ ದಶಕದ ಆರಂಭದಲ್ಲಿ ಶೀನಿನ್ ಮತ್ತು ಮ್ಯಾಕಿನೆನ್ ನಡೆಸಿದ ಅಧ್ಯಯನಗಳಿಂದ ಇದರ ದಂತಸಂಬಂಧಿ ಗುಣ ಪ್ರಸಿದ್ಧಿಗೆ ಬಂದಿತು. 1975ರಲ್ಲಿ ಅದೇ ದೇಶದಲ್ಲಿ ಕ್ಸೈಲಿಟಾಲ್ ಗಮ್ ಮಾರುಕಟ್ಟೆಗೆ ಬಂದಿತು. ಹಲ್ಲು ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತದೆ, ಕ್ಸೈಲಿಟಾಲನ್ನು ಹಾಗೆ ಪರಿವರ್ತಿಸಲಾರದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1996ರಲ್ಲಿ ಪಾಲಿಯಾಲ್‌ಗಳ ಕುರಿತು ‘ದಂತಕ್ಷಯವನ್ನು ಉತ್ತೇಜಿಸುವುದಿಲ್ಲ’ ಎಂಬ ಧಾಟಿಯ ಹೇಳಿಕೆಗೆ ಅನುಮತಿ ನೀಡಿತು. ಉತ್ತೇಜಿಸುವುದಿಲ್ಲ ಎನ್ನುವುದಕ್ಕೂ ಗುಣಪಡಿಸುತ್ತದೆ ಎನ್ನುವುದಕ್ಕೂ ಅಜಗಜಾಂತರವಿದೆ. ಪೊಟ್ಟಣದ ಮುಂಬದಿಯಲ್ಲಿ ಕ್ಸೈಲಿಟಾಲ್ ಹೆಸರು ದೊಡ್ಡದಾಗಿದ್ದು, ಹಿಂಬದಿಯ ಪಟ್ಟಿಯಲ್ಲಿ ಅದು ಸಾರ್ಬಿಟಾಲ್, ಮಾಲ್ಟಿಟಾಲ್‌ಗಳ ಆನಂತರ ಬಂದಿದ್ದರೆ ಅರ್ಥ ಸ್ಪಷ್ಟ. ಬೆಲೆ ಕಟ್ಟುವಾಗ ಇದನ್ನು ಗಮನಿಸಬೇಕು.

ಮ್ಯಾನಿಟಾಲ್ ತೇವವನ್ನು ಹೀರದ ಕಾರಣ ಯಂತ್ರಕ್ಕೂ ಹೊದಿಕೆಗೂ ಅಂಟದಂತೆ ಮೇಲೆ ಉದುರಿಸಲು ಬಳಕೆಯಲ್ಲಿದೆ. ಮಾಲ್ಟಿಟಾಲ್, ಐಸೋಮಾಲ್ಟ್‌ಗಳು ಹೊರಲೇಪನಕ್ಕೆ ಉಪಯುಕ್ತ.

ಪಾಲಿಯಾಲ್ ಎಂದರೆ ಶೂನ್ಯ ಕ್ಯಾಲೊರಿ ಎಂಬ ತಿಳಿವಳಿಕೆ ತಪ್ಪು. ಯುರೋಪಿನ ನಿಯಮವು ಎರಿಥ್ರಿಟಾಲ್ ಹೊರತು ಉಳಿದವುಗಳಿಗೆ ಗ್ರಾಂಗೆ 2.4 ಕಿಲೋಕ್ಯಾಲೊರಿ ಲೆಕ್ಕ ಹಾಕುತ್ತದೆ, ಸಕ್ಕರೆಗೆ 4. ಇವು ಸಣ್ಣಕರುಳಿನಲ್ಲಿ ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಉಳಿದದ್ದು ದೊಡ್ಡಕರುಳಿಗೆ ಹೋಗಿ ನೀರನ್ನು ಸೆಳೆಯುತ್ತದೆ, ಅತಿಯಾದರೆ ಭೇದಿಯಾಗುತ್ತದೆ. ಆದುದರಿಂದಲೇ ಶೇಕಡಾ 10 ಅಥವಾ ಹೆಚ್ಚು ಪಾಲಿಯಾಲ್ ಇರುವ ಆಹಾರದ ಮೇಲೆ ಭೇದಿಕಾರಕ ಪರಿಣಾಮದ ಎಚ್ಚರಿಕೆ ಇರಬೇಕೆಂದು 2020ರ ಲೇಬಲಿಂಗ್ ನಿಯಮಾವಳಿ ವಿಧಿಸಿದೆ. ಸಕ್ಕರೆರಹಿತ ಗಮ್ ಈ ಮಿತಿಯನ್ನು ಎಷ್ಟೋ ಪಟ್ಟು ಮೀರಿರುತ್ತದೆ. ಈ ವಾಕ್ಯವಿಲ್ಲದ ಪೊಟ್ಟಣವನ್ನು ಕಂಡರೆ ದಾಸ್ತಾನಿಗೆ ಸೇರಿಸುವ ಮುನ್ನ ಯೋಚಿಸಬೇಕು. ಮನೆಯಲ್ಲಿ ನಾಯಿ ಸಾಕಿದವರಿಗೆ ಒಂದು ಮಾತು: ಕ್ಸೈಲಿಟಾಲ್ ನಾಯಿಗೆ ವಿಷ.

ತೀವ್ರ ಸಿಹಿಕಾರಕಗಳು

ಪಾಲಿಯಾಲ್ ಬೇಗನೆ ಕರಗಿ ಹೋಗುತ್ತದೆ. ಆಮೇಲೂ ಸಿಹಿ ಉಳಿಯಬೇಕಾದರೆ ಆಸ್ಪರ್ಟೇಮ್ (951), ಅಸೆಸಲ್ಫೇಮ್ ಪೊಟ್ಯಾಸಿಯಂ (950), ಸುಕ್ರಲೋಸ್ (955) ಬೇಕು. ಮೊದಲೆರಡು ಸಕ್ಕರೆಗಿಂತ ಸುಮಾರು 200 ಪಟ್ಟು, ಮೂರನೆಯದು ಸುಮಾರು 600 ಪಟ್ಟು ಸಿಹಿ. ಆಸ್ಪರ್ಟೇಮ್ ಬಳಸಿದ್ದರೆ ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆಯುಳ್ಳವರಿಗೆ ಇದು ತಕ್ಕುದಲ್ಲವೆಂದು ಲೇಬಲ್ಲಿನಲ್ಲಿ ತಿಳಿಸಲೇಬೇಕು.

2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದ’ 2ಬಿ ವರ್ಗಕ್ಕೆ ಸೇರಿಸಿದಾಗ ಗ್ರಾಹಕರಲ್ಲಿ ಗಾಬರಿ ಹುಟ್ಟಿತು. ಅದೇ ಸಂದರ್ಭದಲ್ಲಿ ಆಹಾರ ಸೇರ್ಪಡೆಗಳ ಜಂಟಿ ತಜ್ಞ ಸಮಿತಿಯು ದಿನಕ್ಕೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಲೆಕ್ಕ ಹಾಕಿ ನೋಡೋಣ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವು ಚೂಯಿಂಗ್ ಗಮ್ಮಿಗೆ ಕಿಲೋಗೆ 10,000 ಮಿಲಿಗ್ರಾಂವರೆಗೆ ಆಸ್ಪರ್ಟೇಮ್ ಅನುಮತಿಸುತ್ತದೆ. ಆ ಗರಿಷ್ಠ ಮಿತಿಯನ್ನೇ ಬಳಸಿದ್ದಾರೆಂದು ಇಟ್ಟುಕೊಂಡರೂ 2 ಗ್ರಾಂ ತೂಕದ ಒಂದು ಗಮ್ಮಿನಲ್ಲಿರುವುದು 20 ಮಿಲಿಗ್ರಾಂ. 60 ಕಿಲೋ ತೂಕದ ವ್ಯಕ್ತಿಯ ದಿನದ ಮಿತಿ 2,400 ಮಿಲಿಗ್ರಾಂ, ಅಂದರೆ 120 ಗಮ್. ಅಷ್ಟನ್ನು ಅಗಿಯುವವರಿಗೆ ಆಸ್ಪರ್ಟೇಮಿಗಿಂತ ಮೊದಲು ಸಾರ್ಬಿಟಾಲ್ ಬುದ್ಧಿ ಕಲಿಸುತ್ತದೆ. 20 ಕಿಲೋ ತೂಕದ ಮಗುವಿಗೆ ಇದೇ ಲೆಕ್ಕ 40ಕ್ಕೆ ಇಳಿಯುತ್ತದೆ. ಮಗು ತಂಪು ಪಾನೀಯ, ಇತರ ಸಿಹಿಗಳಿಂದಲೂ ಅದೇ ವಸ್ತುವನ್ನು ಪಡೆಯಬಹುದೆಂಬುದನ್ನು ಮರೆಯಬಾರದು.

ಪಟ್ಟಿಯ ಕೊನೆಯ ಸಾಲುಗಳು

ಗ್ಲಿಸರಾಲ್ (422) ಗಮ್ ಒಣಗದಂತೆ ಕಾಯುತ್ತದೆ. ಲೆಸಿಥಿನ್ (322) ಮೃದುಗೊಳಿಸುತ್ತದೆ. ಬಿಎಚ್‌ಟಿ (321) ಬೇಸ್ ಹಾಗೂ ಸುವಾಸನೆಯ ಎಣ್ಣೆ ಕಮಟದಂತೆ ತಡೆಯುತ್ತದೆ. ಕಾರ್ನೌಬಾ ಮೇಣ (903), ಜೇನುಮೇಣ (901), ಅರಗು (904) ಹೊಳಪಿಗಾಗಿ. ಅರಗು ಕೀಟದಿಂದ ಬಂದುದು, ಅದಕ್ಕೆ ಹಸಿರು ಚುಕ್ಕೆ ಹೇಗೆ ಎಂದು ಸಸ್ಯಾಹಾರಿ ಗ್ರಾಹಕರು ಕೇಳುವುದುಂಟು. 2020ರ ನಿಯಮಾವಳಿಯು ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು, ಜೇನುತುಪ್ಪಗಳೊಂದಿಗೆ ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿದೆ ಎಂಬುದೇ ಉತ್ತರ. ಜೆಲಾಟಿನ್‌ಗೆ ಈ ವಿನಾಯಿತಿಯಿಲ್ಲ.

ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ (171) ವಿಷಯದಲ್ಲಿ ರಫ್ತುದಾರರು ವಿಶೇಷ ಎಚ್ಚರ ವಹಿಸಬೇಕು. ಇದು ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಅಭಿಪ್ರಾಯಪಟ್ಟಿತು. 2022ರಲ್ಲಿ ಯುರೋಪ್ ಒಕ್ಕೂಟ ಇದನ್ನು ಆಹಾರದಿಂದ ನಿಷೇಧಿಸಿತು. ಜಂಟಿ ತಜ್ಞ ಸಮಿತಿಯು 2023ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಮಿತಿ ನಿಗದಿ ಮಾಡುವ ಅಗತ್ಯವಿಲ್ಲವೆಂದಿತು. ವಿಜ್ಞಾನಿಗಳ ವಾದ ಏನೇ ಇರಲಿ, 171 ಇರುವ ಗಮ್ ಯುರೋಪಿನ ಬಂದರಿನಲ್ಲಿ ದಾಟದು.

ಸಾರ್ಬಿಟಾಲ್ ದ್ರಾವಣ ಮತ್ತು ಗ್ಲಿಸರಾಲನ್ನು ಪೀಪಾಯಿಗಳಲ್ಲಿ ಖರೀದಿಸುವ ಸಣ್ಣ ಉದ್ಯಮಿಗಳು ದರವನ್ನಷ್ಟೇ ನೋಡಬಾರದು. 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಸಾವಿನ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯು ಕೆಮ್ಮಿನ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್ ಎಂಬ ವಿಷಗಳ ಬಗ್ಗೆ ಎಚ್ಚರಿಸಿತು. ಈ ಕಲಬೆರಕೆಯ ಅಪಾಯವಿರುವ ಕಚ್ಚಾವಸ್ತುಗಳಲ್ಲಿ ಗ್ಲಿಸರಿನ್, ಸಾರ್ಬಿಟಾಲ್ ದ್ರಾವಣಗಳೂ ಸೇರಿವೆ. ಆಹಾರ ದರ್ಜೆಯ ಸರಕನ್ನೇ, ಪ್ರತಿ ಬ್ಯಾಚಿನ ವಿಶ್ಲೇಷಣಾ ಪ್ರಮಾಣಪತ್ರದೊಡನೆ ಕೊಳ್ಳಬೇಕು.

ಹೊಣೆ ಯಾರದು?

ಲೇಬಲ್ ಮುದ್ರಿಸಿದವರು ತಯಾರಕರು, ನಮಗೇನು ಎಂಬ ಮಾತು ಕಾನೂನಿನೆದುರು ನಿಲ್ಲದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 27ನೆಯ ಕಲಮು ತಪ್ಪು ಲೇಬಲ್ಲಿನ ಆಹಾರಕ್ಕೆ ವಿತರಕರನ್ನೂ ಚಿಲ್ಲರೆ ಮಾರಾಟಗಾರರನ್ನೂ ಹೊಣೆಗಾರರನ್ನಾಗಿಸುತ್ತದೆ. ಸರಕು ಯಾರಿಂದ ಬಂತೆಂದು ತೋರಿಸಲಾಗದಿದ್ದರೂ ಹೊಣೆ ತಪ್ಪದು. 52ನೆಯ ಕಲಮಿನಡಿ ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, 53ನೆಯ ಕಲಮಿನಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಮೇಲೆ ಹೇಳಿದ ಕರಪತ್ರ ಈ ಎರಡನೆಯದಕ್ಕೆ ಸೇರುತ್ತದೆ.

ವರ್ತಕರ ಕೈಯಲ್ಲಿರುವ ರಕ್ಷೆ ಎಂದರೆ ಖರೀದಿ ಬಿಲ್ಲು. 26ನೆಯ ಕಲಮಿನ 4ನೆಯ ಉಪಕಲಮಿನ ಪ್ರಕಾರ, ಮಾರಿದವರು ಕೊಟ್ಟ ಬಿಲ್ಲು ಸರಕಿನ ಗುಣಮಟ್ಟದ ಲಿಖಿತ ಖಾತರಿಯೆಂದೇ ಪರಿಗಣಿತವಾಗುತ್ತದೆ. 80ನೆಯ ಕಲಮಿನಡಿ ‘ಯುಕ್ತ ಎಚ್ಚರ ವಹಿಸಿದ್ದೆ’ ಎಂದು ವಾದಿಸಲು ಇದೇ ಆಧಾರ. 2022ರ ಜನವರಿ 1ರಿಂದ ಇಂತಹ ಬಿಲ್ಲಿನ ಮೇಲೆ ಮಾರಿದವರ ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ ಕಡ್ಡಾಯವಾಗಿದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕ ಸರಕಿನಲ್ಲಿ ತೆರಿಗೆಯ ತೊಡಕಷ್ಟೇ ಅಲ್ಲ, ಈ ಖಾತರಿಯೂ ಇಲ್ಲ. ದಾಸ್ತಾನಿನ ಸೂಚನೆಗಳನ್ನೂ ಪಾಲಿಸಬೇಕು. ಸಾರ್ಬಿಟಾಲ್ ತೇವವನ್ನು ಹೀರುವ ವಸ್ತು, ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಗಮ್ ಅಂಟಿಕೊಂಡರೆ ಅದು ತಯಾರಕರ ದೋಷವಾಗದು.

ತೆರಿಗೆಯ ಶೀರ್ಷಿಕೆ

ಚೂಯಿಂಗ್ ಗಮ್ ಎಂದೊಡನೆ 1704 10 00 ಎಂದು ಬಿಲ್ಲಿನಲ್ಲಿ ಬರೆಯುವುದು ರೂಢಿ. ಆದರೆ 1704 ಸಕ್ಕರೆ ಮಿಠಾಯಿಯ ಶೀರ್ಷಿಕೆ. ಅಂತರರಾಷ್ಟ್ರೀಯ ಸರಕು ವರ್ಗೀಕರಣ ಪದ್ಧತಿಯ ವಿವರಣಾ ಟಿಪ್ಪಣಿಗಳು, ಸಕ್ಕರೆಯ ಬದಲು ಸಾರ್ಬಿಟಾಲ್‌ನಂತಹ ಸಿಹಿಕಾರಕ ಬಳಸಿದ ಮಿಠಾಯಿ ಹಾಗೂ ಗಮ್ಮುಗಳನ್ನು ಅಲ್ಲಿಂದ ಹೊರಗಿಟ್ಟು 2106ನೆಯ ಶೀರ್ಷಿಕೆಗೆ ಸೇರಿಸುತ್ತವೆ. ಈ ಟಿಪ್ಪಣಿಗಳಿಗೆ ಮಹತ್ವ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಹೇಳಿದೆ. ಜಿಎಸ್‌ಟಿ ದರಗಳು 2017ರ ನವೆಂಬರಿನಲ್ಲೂ 2025ರ ಸೆಪ್ಟೆಂಬರ್ 22ರಂದೂ ವ್ಯಾಪಕವಾಗಿ ಬದಲಾದುವು. ಆಯಾ ಅವಧಿಯ ಅಧಿಸೂಚನೆಯನ್ನು ನೋಡಿಯೇ ಹಳೆಯ ಬಿಲ್ಲುಗಳನ್ನು ಪರಿಶೀಲಿಸಬೇಕು. ಆಮದುದಾರರಿಗಂತೂ ಶೀರ್ಷಿಕೆ ಬದಲಾದರೆ ಸುಂಕದ ಲೆಕ್ಕವನ್ನು ಹೊಸದಾಗಿ ನೋಡಬೇಕಾಗುತ್ತದೆ.

ಇನ್ನು ಬಿಡಿ ಗಮ್ ಮಾರುವ ಅಂಗಡಿಯವರ ವಿಚಾರ. 100 ಚದರ ಸೆಂಟಿಮೀಟರ್ ಮೀರದ ಚಿಕ್ಕ ಹೊದಿಕೆಯ ಮೇಲೆ ಘಟಕಾಂಶಗಳ ಪಟ್ಟಿಗೂ ಪೋಷಕಾಂಶಗಳ ವಿವರಕ್ಕೂ ವಿನಾಯಿತಿಯಿದೆ. ಆ ವಿವರವೆಲ್ಲ ಇರುವುದು ಹೊರಡಬ್ಬಿಯ ಮೇಲೆ. ಡಬ್ಬಿ ತೆರೆದ ದಿನವೇ ಅದನ್ನು ರದ್ದಿಗೆ ಹಾಕಿ ಗಮ್ಮನ್ನು ಗಾಜಿನ ಭರಣಿಗೆ ಸುರಿಯುವ ರೂಢಿ ಸಾಮಾನ್ಯ. ಕೊನೆಯ ಗಮ್ ಮಾರಾಟವಾಗುವವರೆಗೆ ಆ ಡಬ್ಬಿಯನ್ನು ಭರಣಿಯ ಪಕ್ಕದಲ್ಲೇ ಇರಿಸಿಕೊಂಡರೆ, ಗ್ರಾಹಕರು ಕೇಳಿದಾಗಲೂ ಆಹಾರ ಸುರಕ್ಷತಾಧಿಕಾರಿ ಬಂದಾಗಲೂ ತೋರಿಸಲು ಅನುಕೂಲವಾಗುತ್ತದೆ.