ಹೊಳೆ ಬಲ್ಲವನು

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಉಪಕಾರವನ್ನು ಮರೆಯುವ ಮನುಷ್ಯನ ಸ್ವಭಾವವನ್ನು ಈ ಗಾದೆಯು ಹಂಗಿಸುತ್ತದೆ. ಆದರೆ ಹೊಳೆಯನ್ನು ದಾಟುವುದಕ್ಕೆ ಮೊದಲೇ, ಕೂಲಿ ಕೊಟ್ಟಿದ್ದೇವೆಂಬ ಗರ್ವದಿಂದ ಅಂಬಿಗನ ಮಾತನ್ನು ಕಡೆಗಣಿಸುವವರೂ ಉಂಟು. ಅಂಥವರಲ್ಲಿ ಒಮ್ಮೆ ನಾನೂ ಒಬ್ಬನಾಗಿದ್ದೆನು. ಆ ಸಂಗತಿಯನ್ನೇ ಇಲ್ಲಿ ಹೇಳುತ್ತೇನೆ.

1984ನೆಯ ಇಸವಿ. ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯ ದಡಕ್ಕೆ ಸಮೀಪವಾಗಿದ್ದ ಒಂದು ಹಳ್ಳಿಯ ಶಾಲೆಗೆ ನಾನು ಹೊಸದಾಗಿ ಉಪಾಧ್ಯಾಯನಾಗಿ ಹೋಗಿದ್ದೆನು. ಅಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ನನ್ನ ಸ್ನೇಹಿತರಿಗೆ ಗಾಳ ಹಾಕುವ ಹವ್ಯಾಸವಿದ್ದಿತು. ಒಂದು ಸಂತೆಯ ದಿನ ಬೆಸ್ತನೊಬ್ಬನು ಮಾರಲು ತಂದಿದ್ದ ದೊಡ್ಡ ಬಾಳೆಮೀನನ್ನು ನಾವು ಕಂಡೆವು. ಹುರುಪೆಯಿಲ್ಲದ ನುಣುಪಾದ ಮೈ. ಕಣ್ಣಿನಿಂದಾಚೆಗೂ ಸೀಳಿದ ಬಾಯಿ. ಬಾಯಿಯ ಬಳಿ ನಾಲ್ಕು ಮೀಸೆಗಳು, ಅವುಗಳಲ್ಲಿ ಎರಡು ಬಹಳ ನೀಳ. ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಎಂದು ಕರೆಯುವ ಮೀಸೆಮೀನುಗಳ ಬಳಗಕ್ಕೆ ಇದು ಸೇರಿದೆ. ವಿಜ್ಞಾನಿಗಳು ಇದಕ್ಕೆ ವಲ್ಲಾಗೊ ಅಟ್ಟು ಎಂದು ಹೆಸರಿಟ್ಟಿದ್ದಾರೆ. ಅದನ್ನು ನೋಡಿದಂದಿನಿಂದ ನನ್ನ ಸ್ನೇಹಿತರಿಗೆ ನಿದ್ರೆಯಿಲ್ಲದಂತಾಯಿತು. ಅಂಥದೊಂದು ಮೀನನ್ನು ತಾವೇ ಹಿಡಿಯಬೇಕೆಂದು ಅವರು ಹಟ ತೊಟ್ಟರು.

ಆದರೆ ಕಾವೇರಿಯು ಊರ ಕೆರೆಯಲ್ಲ. ಬಂಡೆಗಳ ನಡುವೆ ಮಡು ಎಲ್ಲಿದೆ, ಸುಳಿ ಎಲ್ಲಿದೆ ಎಂಬುದು ಹೊರಗಿನವರಿಗೆ ತಿಳಿಯುವಂತಿಲ್ಲ. ಆದುದರಿಂದ ಹೊಳೆಯನ್ನು ಬಲ್ಲ ಒಬ್ಬನನ್ನು ಕೂಲಿಗೆ ಗೊತ್ತುಮಾಡಿಕೊಳ್ಳಬೇಕೆಂದು ನಿಶ್ಚಯಿಸಿದೆವು. ವಿಚಾರಿಸಿದವರೆಲ್ಲರೂ ಒಬ್ಬ ಮುದುಕನ ಹೆಸರನ್ನೇ ಹೇಳಿದರು. ಅವನ ಗುಡಿಸಲಿಗೆ ಹೋದಾಗ ಆತನು ಹರಿಗೋಲಿನ ಬಿದಿರ ಹೆಣಿಗೆಯನ್ನು ಸರಿಪಡಿಸುತ್ತ ಕುಳಿತಿದ್ದನು. ಹರಿಗೋಲು ಸೇರಿ ದಿನಕ್ಕೆ 20 ರೂಪಾಯಿ ಎಂದು ಮಾತಾಯಿತು. 10 ರೂಪಾಯಿಗಳನ್ನು ಮುಂಗಡವಾಗಿ ಕೊಟ್ಟೆವು.

"ಮೀನು ಸಿಕ್ಕದಿದ್ದರೆ?" ಎಂದು ಸ್ನೇಹಿತರು ಕೇಳಿದರು.

"ಮೀನು ಹೊಳೇದು ಮೇಷ್ಟ್ರೇ, ಅದು ನನ್ನ ಕೈಲಿಲ್ಲ. ನನ್ನ ದಿನಕ್ಕೆ ನೀವು ಕೂಲಿ ಕೊಡೋದು" ಎಂದು ಆತನು ತಲೆಯೆತ್ತದೆಯೇ ಉತ್ತರಿಸಿದನು. ಆ ಮಾತು ನಮಗೆ ರುಚಿಸಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಬೆಳಗ್ಗೆ ನಾವು ದಡವನ್ನು ಸೇರಿದೆವು. ಆಕಾಶವು ಶುಭ್ರವಾಗಿದ್ದಿತು. ಹೊಳೆಯ ನಡುವೆ ಒಂದು ದೊಡ್ಡ ಬಂಡೆ. ಅದರ ಬುಡದಲ್ಲಿಯೇ ಬಾಳೆಮೀನಿನ ಮಡುವಿದೆಯೆಂದು ಕೇಳಿದ್ದೆವು. ಬಂಡೆಯ ಮೇಲೆ ಕುಳಿತು ಸಂಜೆಯವರೆಗೂ ಗಾಳ ಹಾಕುವುದೆಂದು ನಮ್ಮ ಲೆಕ್ಕಾಚಾರ. ಮುದುಕನು ಹರಿಗೋಲನ್ನು ನೀರಿಗೆ ಇಳಿಸಲಿಲ್ಲ. ಒಂದು ಕಡ್ಡಿಯನ್ನು ಮುರಿದು ನೀರಿನ ಅಂಚಿನಲ್ಲಿ ಸರಿಯಾಗಿ ನೆಟ್ಟು, ಬೀಡಿ ಹೊತ್ತಿಸಿಕೊಂಡು ಕುಳಿತನು. ನಾವು ಚಡಪಡಿಸುತ್ತಿದ್ದೆವು. ಅರ್ಧ ಗಂಟೆಯ ಮೇಲೆ ಆತನು ಎದ್ದು ನೋಡಿದನು. ಕಡ್ಡಿಯು ದಡದಿಂದ ಒಂದು ಗೇಣು ಒಳಕ್ಕೆ, ನೀರಿನಲ್ಲಿ ನಿಂತಿದ್ದಿತು.

"ಇವತ್ತು ಬ್ಯಾಡಿ ಮೇಷ್ಟ್ರೇ. ಹೊಳೆ ಏರ್ತಾ ಅದೆ" ಎಂದನು.

ನಾವು ಆಕಾಶವನ್ನು ತೋರಿಸಿದೆವು. ಆತನು ನೀರನ್ನು ತೋರಿಸಿದನು. ಒಣಗಿದ ಎಲೆಗಳೂ ಕಡ್ಡಿಗಳೂ ನೊರೆಯೊಡನೆ ತೇಲಿಬರುತ್ತಿದ್ದವು. ದಡದ ಮೇಲೆ ಒಣಗಿ ಬಿದ್ದಿದ್ದ ಕಸವನ್ನು ನೀರು ಎತ್ತಿಕೊಂಡು ಬರುತ್ತಿದೆಯೆಂದರೆ, ಮೇಲೆ ಎಲ್ಲಿಯೋ ಅದು ತನ್ನ ಅಂಚನ್ನು ಮೀರಿದೆಯೆಂದು ಅರ್ಥ. "ಅಲ್ಲದೆ ಇದು ಬಾಳೆ ಮೊಟ್ಟೆ ಇಡೋ ಕಾಲ. ಬಸುರಿ ಮೀನಿಗೆ ನಾನು ಗಾಳ ಹಾಕ್ಸೋದಿಲ್ಲ" ಎಂದು ಮತ್ತೊಂದು ಮಾತನ್ನೂ ಸೇರಿಸಿದನು.

ಸ್ನೇಹಿತರಿಗೆ ಕೋಪ ಬಂದಿತು. "ಹಣ ಕೊಟ್ಟವರು ನಾವು, ಹೋಗುವುದೋ ಬೇಡವೋ ಎಂಬುದನ್ನು ನಾವು ಹೇಳಬೇಕು" ಎಂದರು. ನಾನೂ ಅವರ ಪಕ್ಷವನ್ನೇ ವಹಿಸಿದೆನು. ಮುದುಕನು ವಾದಿಸಲಿಲ್ಲ. ಎಲೆಯಡಕೆ ಚೀಲವನ್ನು ಬಿಚ್ಚಿ ನಮ್ಮ 10 ರೂಪಾಯಿಗಳನ್ನು ತೆಗೆದು ನಮ್ಮ ಮುಂದೆ ಹಿಡಿದನು. ನಾವು ನಾಚದೆ ಅದನ್ನು ತೆಗೆದುಕೊಂಡು ಹಿಂದಿರುಗಿದೆವು.

ಸಂಜೆ ಮನಸ್ಸು ತಡೆಯದೆ ಮತ್ತೆ ಹೊಳೆಯ ಕಡೆಗೆ ಹೋದೆವು. ಬಂಡೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಕೆಂಪು ನೀರು ಮಡಿಚಿ ಸುತ್ತುತ್ತಿದ್ದಿತು. ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಶುಭ್ರವಾದ ಆಕಾಶದ ಕೆಳಗೆ ಹೊಳೆಯು ಏರಿದುದು ಹೇಗೆ? ಕಾವೇರಿಯು ಹುಟ್ಟುವುದು ಕೊಡಗಿನಲ್ಲಿ. ಕಬಿನಿಯು ಹುಟ್ಟುವುದು ಕೇರಳದ ವಯನಾಡಿನಲ್ಲಿ. ಇವೆರಡೂ ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಮುಂಗಾರಿನಲ್ಲಿ ಆ ಮಲೆಗಳ ಮೇಲೆ ಮಳೆ ಸುರಿದು ಜಲಾಶಯಗಳು ತುಂಬಿದಾಗ ಬಾಗಿಲುಗಳನ್ನು ತೆರೆಯುತ್ತಾರೆ. ಆ ನೀರು ಕೆಳಗಿನ ಊರುಗಳನ್ನು ಮುಟ್ಟುವಾಗ ಅಲ್ಲಿ ಒಂದು ಹನಿ ಮಳೆಯೂ ಇಲ್ಲದಿರಬಹುದು. ನದಿಗಳು ಎಲ್ಲಿ ಹುಟ್ಟಿ ಎಲ್ಲಿ ಕೂಡುತ್ತವೆಂಬುದನ್ನು ನಾವು ಭೂಪಟದಲ್ಲಿ ಓದಿದ್ದೆವು. ಮುದುಕನು ಅದನ್ನು ಒಂದು ಕಡ್ಡಿಯಿಂದ ಓದಿದ್ದನು.

ಮರುದಿನ ನಾವು 20 ರೂಪಾಯಿಗಳನ್ನು ತೆಗೆದುಕೊಂಡು ಅವನ ಗುಡಿಸಲಿಗೆ ಹೋದೆವು. "ಯಜಮಾನರೇ, ನಮ್ಮಿಂದ ತಪ್ಪಾಯಿತು" ಎಂದೆನು. ಆತನು ಬೇಡವೆನ್ನುವನೆಂದು ನಾವು ತಿಳಿದಿದ್ದೆವು. ಆದರೆ ಆತನು ಹಣವನ್ನು ಎಣಿಸಿ ಚೀಲದೊಳಗೆ ಇಟ್ಟುಕೊಂಡನು. "ನಿನ್ನೆ ದಿನ ನಿಮಗೇ ಅಂತ ಇಟ್ಟಿದ್ದೆ. ಬೇರೆ ಕೆಲಸಕ್ಕೆ ಹೋಗಲಿಲ್ಲ" ಎಂದಷ್ಟೇ ಹೇಳಿದನು. ಅದು ದಾನವಲ್ಲ, ಅವನ ಕೂಲಿ. ನಮ್ಮ ಪ್ರಾಣವನ್ನು ಉಳಿಸಿದ ಕೆಲಸದ ಕೂಲಿ!

ಮುಂದಿನ ವರ್ಷ ಫೆಬ್ರವರಿಯಲ್ಲಿ ನೀರು ಇಳಿದು ತಿಳಿಯಾದ ಮೇಲೆ ಆತನೇ ಹೇಳಿ ಕಳುಹಿಸಿದನು. ಹೊತ್ತು ಮುಳುಗುವ ಸಮಯಕ್ಕೆ ಮಡುವಿನ ಬಳಿ ನಮ್ಮನ್ನು ಕೂರಿಸಿದನು. ಬಾಳೆಮೀನು ಹಗಲಿನಲ್ಲಿ ಆಳದಲ್ಲಿಯೋ ದಡದ ಪೊಟರೆಯಲ್ಲಿಯೋ ಅಡಗಿದ್ದು, ಕತ್ತಲಾದ ಮೇಲೆ ಸಣ್ಣ ಮೀನುಗಳ ಬೇಟೆಗೆ ಹೊರಡುತ್ತದೆ. ಮೀಸೆಮೀನುಗಳ ಮೀಸೆಗಳಲ್ಲಿ ರುಚಿಯನ್ನು ಅರಿಯುವ ಸೂಕ್ಷ್ಮ ಅಂಗಗಳಿರುವುದರಿಂದ ಕತ್ತಲಾಗಲಿ ಕದಡಿದ ನೀರಾಗಲಿ ಅವಕ್ಕೆ ಅಡ್ಡಿಯಲ್ಲ. ಇದು ಸ್ನೇಹಿತರು ಪುಸ್ತಕದಲ್ಲಿ ಓದಿದ ವಿಷಯ. ಮುದುಕನ ಪಾಠವೇ ಬೇರೆ. "ಮೀನು ಹಿಡಿದ ಕೂಡಲೇ ಎಳೀಬ್ಯಾಡಿ. ಅದು ತಿರುಗಲಿ, ದಾರ ಓಡಲಿ, ಆಮೇಲೆ ಎಳೀರಿ" ಎಂದನು. ಎರಡು ಸಲ ಸ್ನೇಹಿತರು ಆತುರಪಟ್ಟು ಕಳೆದುಕೊಂಡರು. ಮೂರನೆಯ ಸಲ ಮೊಳದುದ್ದದ ಬಾಳೆಯೊಂದು ದಡಕ್ಕೆ ಬಂದಿತು. ಸಂತೆಯಲ್ಲಿ ಕಂಡುದರ ಅರ್ಧದಷ್ಟೂ ಇರಲಿಲ್ಲ. "ಇದಿನ್ನೂ ಮರಿ" ಎಂದು ಮುದುಕನು ಗಾಳವನ್ನು ಬಿಡಿಸಿ ಅದನ್ನು ನೀರಿಗೆ ಬಿಟ್ಟನು. ಈ ಸಲ ನಾವು ಎದುರು ಮಾತನಾಡಲಿಲ್ಲ. ಕೂಲಿಯನ್ನು ಪೂರ್ತಿಯಾಗಿ ಕೊಟ್ಟು ಬರಿಗೈಯಲ್ಲಿ ಸಂತೋಷದಿಂದ ಮನೆಗೆ ಹೋದೆವು.

ಕಾವೇರಿಯ ಇದೇ ಪಾತ್ರದಲ್ಲಿ, ಕೆಳಗೆ ಭೀಮೇಶ್ವರಿಯ ಬಳಿ, ಇಂಥ ಮಾರ್ಗದರ್ಶಕರಿಂದಲೇ ಒಂದು ಕಾಲದಲ್ಲಿ ದೊಡ್ಡ ಕೆಲಸ ನಡೆಯಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಅಲ್ಲಿ ಗಾಳದ ಶಿಬಿರವನ್ನು ನಡೆಸುತ್ತಿದ್ದಿತು. ದೇಶವಿದೇಶಗಳಿಂದ ಬಂದವರನ್ನು ಸ್ಥಳೀಯರು ಹರಿಗೋಲಿನಲ್ಲಿ ಕರೆದೊಯ್ದು, ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ, ಮಹಶೀರ್ ಮೀನನ್ನು ಹಿಡಿಸುತ್ತಿದ್ದರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ಅಲ್ಲಿಯ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಈ ಕೆಲಸಕ್ಕೆ ಸೇರಿ, ಸಿಡಿಮದ್ದು ಹಾಕುವವರ ವಿರುದ್ಧ ಹೊಳೆಯನ್ನು ಕಾಯುವವರಾದರು. ಮೀನು ಬದುಕಿದ್ದರೆ ತಮ್ಮ ಅನ್ನವೂ ಉಂಟೆಂಬುದನ್ನು ಅವರು ಕಂಡುಕೊಂಡಿದ್ದರು. 1987ರಲ್ಲಿ ಆ ಪ್ರದೇಶವು ವನ್ಯಧಾಮವೆಂದು ಘೋಷಿತವಾಗಿದ್ದಿತು. ವನ್ಯಜೀವಿ ಕಾಯಿದೆಗೆ ಅನುಸಾರವಾಗಿ 2010ರ ದಶಕದ ಆರಂಭದಲ್ಲಿ ಅಲ್ಲಿಯ ಗಾಳದ ಆಟವು ನಿಂತಿತು. ಇಂದು ಕಾವೇರಿಯ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಬಾಳೆಮೀನು ಸಹ ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿದೆ. ಬಸುರಿ ಮೀನನ್ನೂ ಮರಿಯನ್ನೂ ಮುಟ್ಟದಿದ್ದ ಆ ಮುದುಕನಿಗೆ ಯಾವ ಪಟ್ಟಿಯೂ ಗೊತ್ತಿರಲಿಲ್ಲ.

ನೀವು ಮುಂದೆ ಹೊಳೆಗೋ ಕಾಡಿಗೋ ಬೆಟ್ಟಕ್ಕೋ ಹೋಗುವಾಗ ದಾರಿ ಬಲ್ಲವನೊಬ್ಬನನ್ನು ಕೂಲಿಗೆ ಕರೆದುಕೊಳ್ಳಬೇಕಾಗಬಹುದು. ಅಲ್ಲಿ ಹೋಗಲು ಕಾನೂನಿನ ಅನುಮತಿ ಉಂಟೇ ಎಂದು ಮೊದಲು ವಿಚಾರಿಸಿರಿ. ಕೂಲಿಯೆಷ್ಟು, ಯಾವ ಕಾಲ ಒಳ್ಳೆಯದು ಎಂಬುದನ್ನು ಮುಂಚಿತವಾಗಿಯೇ ಮಾತನಾಡಿಕೊಳ್ಳಿರಿ. ಇವೆಲ್ಲಕ್ಕಿಂತ ಮುಖ್ಯವಾಗಿ, "ಯಾವಾಗ ನೀವು ಬೇಡವೆನ್ನುತ್ತೀರಿ?" ಎಂದು ಕೇಳಿರಿ. ಎಲ್ಲದಕ್ಕೂ ಹೂಂಗುಟ್ಟುವವನು ನಿಮ್ಮ ಹಣವನ್ನು ಬಲ್ಲನೇ ಹೊರತು ಹೊಳೆಯನ್ನು ಬಲ್ಲವನಲ್ಲ. ಬೇಡವೆಂದು ಹೇಳಿ ಮುಂಗಡವನ್ನು ಹಿಂದಿರುಗಿಸಬಲ್ಲವನು ಸಿಕ್ಕಿದರೆ, ಅವನ ಮಾತಿಗೆ ತಲೆಬಾಗಿರಿ. ಅವನ ಆ ದಿನದ ಕೂಲಿಯನ್ನು ಕೊಡುವುದಕ್ಕೆ ಮಾತ್ರ ಮರೆಯಬೇಡಿರಿ.