ಬಿಡುಗಡೆ ಕೊಟ್ಟವರು ಬ್ರಿಟಿಷರೇ?

ಪ್ರಶ್ನೆ: ಮಗಳು ಓದುತ್ತಿರುವ ‘ಚೈನ್ಸ್’ ಕಾದಂಬರಿಯ ಗುಲಾಮ ಹುಡುಗಿ ಇಸಾಬೆಲ್ ಬಿಡುಗಡೆ ಬೇಡಿಕೊಂಡು ಬ್ರಿಟಿಷರ ಬಳಿ ಹೋಗುತ್ತಾಳೆ. ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದವರು ಅಮೆರಿಕನ್ನರಲ್ಲವೇ? ಇದು ಲೇಖಕಿಯ ಕಲ್ಪನೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಸಾಬೆಲ್ ಕಲ್ಪನೆ; ಅವಳ ಆಸೆಗೆ ಕಾರಣ ನಿಜ. ಬ್ರಿಟಿಷರನ್ನು ಓಡಿಸಿದ ಕಥೆ ಕೇಳುತ್ತಲೇ ಬೆಳೆದ ನಮಗೆ ಇದು ವಿಚಿತ್ರ ಅನಿಸುವುದು ಸಹಜವೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತು, 1775ರ ನವೆಂಬರಿನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್ ಒಂದು ಘೋಷಣೆ ಹೊರಡಿಸಿದ: ದಂಗೆ ಎದ್ದವರ ಗುಲಾಮರು ಬಂದು ರಾಜನ ಸೈನ್ಯ ಸೇರಿದರೆ ಅವರಿಗೆ ಬಿಡುಗಡೆ. ಇದರಲ್ಲಿ ಕರುಣೆ ಹುಡುಕಬೇಡಿ. ಡನ್‌ಮೋರ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು. ಎದುರಾಳಿಯ ಕೈಯಾಳುಗಳನ್ನು ಕಿತ್ತುಕೊಳ್ಳುವುದೇ ಉದ್ದೇಶ. ರಾಜನಿಗೆ ನಿಷ್ಠರಾದವರ ಗುಲಾಮರಿಗೆ ಆ ಭಾಗ್ಯವಿಲ್ಲ. ಲಾರಿ ಹಾಲ್ಸ್ ಆಂಡರ್ಸನ್ 2008ರಲ್ಲಿ ಬರೆದ ಈ ಕಾದಂಬರಿಯ ಬಿಗಿ ಇರುವುದೇ ಇಲ್ಲಿ: ಇಸಾಬೆಲ್‌ಳ ಒಡೆಯ ರಾಜನ ಪಕ್ಷದವನು. ದಂಗೆಕೋರರಿಗಾಗಿ ಗೂಢಚಾರಿಕೆ ಮಾಡಿದಳು, ಅವರು ಕೈಬಿಟ್ಟರು; ಬ್ರಿಟಿಷರ ಬಳಿ ಹೋದಳು, ಅವರೂ ವಾಪಸು ಕಳಿಸಿದರು.

ಯುದ್ಧ ಮುಗಿದ ಮೇಲಿನದು ಇನ್ನೂ ಸ್ವಾರಸ್ಯ. 1783ರಲ್ಲಿ ಅಮೆರಿಕನ್ನರ ಸೇನಾಪತಿ ಜಾರ್ಜ್ ವಾಷಿಂಗ್ಟನ್, ಓಡಿಹೋದ ಗುಲಾಮರನ್ನು ಹಿಂತಿರುಗಿಸಿ ಎಂದು ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್‌ನನ್ನು ಕೇಳಿದ. ಕೊಟ್ಟ ಮಾತು ತಪ್ಪಲಾರೆ ಎಂದ ಕಾರ್ಲ್‌ಟನ್, ಬೇಕಾದರೆ ಮುಂದೆ ಪರಿಹಾರದ ಲೆಕ್ಕಕ್ಕಾಗಲಿ ಎಂದು ನ್ಯೂಯಾರ್ಕಿನಿಂದ ಹಡಗು ಹತ್ತಿದವರ ಹೆಸರು ಬರೆಸಿದ. ಅದೇ ‘ಬುಕ್ ಆಫ್ ನೀಗ್ರೋಸ್’. ಸುಮಾರು 3,000 ಜನ. ಹೆಸರು, ವಯಸ್ಸು, ಹಳೆಯ ಒಡೆಯ, ಜೊತೆಗೆ ಆಳು ಹೇಗಿದ್ದಾನೆ ಎಂಬ ಷರಾ. ಒಬ್ಬಳು ಗಟ್ಟಿಮುಟ್ಟು, ಇನ್ನೊಬ್ಬ ಸವೆದುಹೋದವನು. ಬಿಡುಗಡೆಯ ದಾಖಲೆ, ಭಾಷೆ ಮಾತ್ರ ದನದ ಜಾತ್ರೆಯದು. ಇಪ್ಪತ್ತರ ಡೆಬೊರಾಳ ಮುಖದ ಸಿಡುಬಿನ ಕಲೆಯನ್ನೂ ಗುಮಾಸ್ತ ಬಿಟ್ಟಿಲ್ಲ. ಅವಳು ತಪ್ಪಿಸಿಕೊಂಡು ಬಂದದ್ದು ಯಾರಿಂದ ಗೊತ್ತೇ? ಅದೇ ಜನರಲ್ ವಾಷಿಂಗ್ಟನ್‌ನಿಂದ.

ಅವನ ಮೌಂಟ್ ವರ್ನನ್ ಎಸ್ಟೇಟಿನಿಂದ ಓಡಿಬಂದ ಹ್ಯಾರಿಯ ಹೆಸರೂ ಅದರಲ್ಲಿದೆ. ಒಡೆಯನ ಅಡ್ಡಹೆಸರನ್ನೇ ಇಟ್ಟುಕೊಂಡು ಹ್ಯಾರಿ ವಾಷಿಂಗ್ಟನ್ ಆದ. ಹಡಗು ಇಳಿಸಿದ್ದು ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಅಲ್ಲಿ ಕರಿಯರಿಗೆ ಸಿಕ್ಕಿದ್ದು ಬರಡು ನೆಲ, ಅದೂ ಎಲ್ಲರಿಗಿಲ್ಲ. 1792ರಲ್ಲಿ ಸುಮಾರು 1,200 ಜನ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟಾಗ ಅವನೂ ಹೊರಟ. ಅಲ್ಲಿಯ ಆಡಳಿತ ಲಂಡನ್ನಿನ ಕಂಪನಿಯದು. ಭೂಮಿಗೆ ಕಂದಾಯ ಕಟ್ಟಿ ಎಂದಿತು. ವಲಸೆಗಾರರು 1800ರಲ್ಲಿ ಬಂಡೆದ್ದರು. ಆ ಬಂಡಾಯಕ್ಕಾಗಿ ಫ್ರೀಟೌನ್‌ನಿಂದ ಗಡಿಪಾರಾದವರಲ್ಲಿ ಹ್ಯಾರಿ ವಾಷಿಂಗ್ಟನ್‌ ಕೂಡ ಒಬ್ಬ.