ಇಳಕಲ್ ಗ್ರಾನೈಟ್ ಮತ್ತು ಸಿಲಿಕೋಸಿಸ್
ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿಯ ಮರಳುಗಲ್ಲು ಎರಡರಲ್ಲೂ ಇರುವ ಖನಿಜ ಕ್ವಾರ್ಟ್ಜ್, ಅಂದರೆ ಹರಳುರೂಪದ ಸಿಲಿಕಾ. ಕಲ್ಲು ಕೊರೆಯುವಾಗ ಏಳುವ ಅತಿ ಸೂಕ್ಷ್ಮ ದೂಳು ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪುತ್ತದೆ. ಅಲ್ಲಿನ ರಕ್ಷಕ ಕೋಶವಾದ ಮ್ಯಾಕ್ರೊಫೇಜ್ ದೂಳಿನ ಕಣವನ್ನು ನುಂಗುತ್ತದೆ, ಆದರೆ ಕರಗಿಸಲಾರದು. ಕೋಶದೊಳಗಿನ ಜೀರ್ಣಚೀಲವಾದ ಲೈಸೊಸೋಮ್ ಒಡೆದು, ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಗುಚ್ಛ ಚುರುಕಾಗಿ, ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಬೀಟಾ ಹೊರಬೀಳುತ್ತದೆ. ಸತ್ತ ಕೋಶದಿಂದ ಹೊರಬಂದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಕೊಲಾಜೆನ್ ನಾರು ತುಂಬುತ್ತ ಹೋದಂತೆ ಶ್ವಾಸಕೋಶ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್.

ರೋಗದ ಪತ್ತೆಗೆ ಕೆಲಸದ ಹಿನ್ನೆಲೆ, ಎದೆಯ ಎಕ್ಸ್‌ರೇ ಬೇಕು. ಸೋತ ಮ್ಯಾಕ್ರೊಫೇಜ್ ಕ್ಷಯದ ರೋಗಾಣುವನ್ನೂ ತಡೆಯಲಾರದು. ಆದ್ದರಿಂದ ಕಫ ಪರೀಕ್ಷೆಯನ್ನು ಬಿಡಲೇಬಾರದು. ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧವಿಲ್ಲ, ನೀರು ಹಾಯಿಸಿ ಕಲ್ಲು ಕೊಯ್ಯುವುದೇ ದೊಡ್ಡ ರಕ್ಷೆ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿ ಈ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಹೆಸರಿಸಿತ್ತು.